ಒಂದು ಎಕರೆ, ನಾಲ್ಕು ಜನ: ಹೊಲಕ್ಕೆ ಹೋಗಿ ನೆಲೆಸುವ ಮುಂಚೆ ನಮ್ಮ ಲೆಕ್ಕ ಸರಿಯಿದೆಯಾ ನೋಡಿ

ಹೊಸಹೊಲ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕು ಜನ, ದೊಡ್ಡವರು ಇಬ್ಬರು, 9 ಮತ್ತು 13 ವರ್ಷದ ಮಕ್ಕಳಿಬ್ಬರು. ಒಂದು ಎಕರೆ ಜಮೀನು ನೋಡಿದ್ದೇವೆ, ಇನ್ನೂ ಮುಂಗಡ ಕೊಟ್ಟಿಲ್ಲ. ಕೊಳವೆಬಾವಿ ಇದೆ. ಮನೆ ಕಟ್ಟಬೇಕು, ಚಾವಣಿ ಸುಮಾರು 90 ಚದರ ಮೀಟರ್ ಬರುತ್ತದೆ. ಅರ್ಧ ಎಕರೆ ಧಾನ್ಯ, ಉಳಿದದ್ದರಲ್ಲಿ ಬೇಳೆಕಾಳು, ಎಣ್ಣೆಕಾಳು, ತರಕಾರಿ, ಒಂದಷ್ಟು ಹಣ್ಣಿನ ಗಿಡ ಅಂದುಕೊಂಡಿದ್ದೇವೆ. ಜೊತೆಗೆ ಒಂದು ಹಸು, 20 ಕೋಳಿ. ಆರು ತಿಂಗಳಲ್ಲಿ ಅಲ್ಲಿಗೆ ಹೋಗಬೇಕು. ಮೊದಲ ವರ್ಷ ನಮ್ಮಲ್ಲಿ ಒಬ್ಬರು ಕೆಲಸ ಬಿಡುವುದಿಲ್ಲ. ಊಟಕ್ಕೆ ಬೇಕಾದದ್ದೆಲ್ಲ ಇಷ್ಟು ಜಾಗದಲ್ಲಿ ಆಗುತ್ತಾ? ಯಾವುದು ಮೊದಲು, ಯಾವುದು ಆಮೇಲೆ? ತಪ್ಪಿದ್ದರೆ ನೇರವಾಗಿ ಹೇಳಿ.

ಕಣಜ:

ಮುಂಗಡ ಕೊಡುವ ಮುಂಚೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಮೊದಲು ಕಾಳಿನ ಲೆಕ್ಕ ಮಾಡೋಣ.

ಧಾನ್ಯ ತಲೆಗೆ ವರ್ಷಕ್ಕೆ 150 ಕಿಲೋ ಹಿಡಿದರೆ ನಾಲ್ವರಿಗೆ 600 ಕಿಲೋ. ಸಾಧಾರಣ ನೆಲದಲ್ಲಿ, ಹೊಸ ಕೈಗಳಲ್ಲಿ, ಚದರ ಮೀಟರಿಗೆ 200 ಗ್ರಾಂ ಬಂದರೆ ಸಂತೋಷ. ಅಂದರೆ 3,000 ಚದರ ಮೀಟರ್. ಬೇಳೆಕಾಳು ನಾಲ್ವರಿಗೆ 90 ಕಿಲೋ, ಚದರ ಮೀಟರಿಗೆ 80 ಗ್ರಾಂನಂತೆ ಸುಮಾರು 1,100 ಚದರ ಮೀಟರ್. ಎಣ್ಣೆ ವರ್ಷಕ್ಕೆ 40 ಕಿಲೋ ಬೇಕೆಂದರೆ ಗಾಣದಲ್ಲಿ ನೂರಕ್ಕೆ 40 ಇಳಿದರೂ 100 ಕಿಲೋ ಕಡಲೆಬೀಜ ಬೇಕು. ಸಿಪ್ಪೆ ಸಮೇತ ಅದು 145 ಕಿಲೋ, ಜಾಗ ಸುಮಾರು 1,200 ಚದರ ಮೀಟರ್. ತರಕಾರಿಗೆ 300. ಒಟ್ಟು 5,600 ಚದರ ಮೀಟರ್ ದಾಟಿತು. ಒಂದು ಎಕರೆ ಎಂದರೆ 4,047. ಇದರಲ್ಲಿ ಮನೆ, ದಾರಿ, ಕಣ, ಬದು, ಮೇವು ಯಾವುದನ್ನೂ ನಾನು ಸೇರಿಸಿಲ್ಲ. ಮೇಲಿನ ಇಳುವರಿಯೂ ನೆಲ ಪಳಗಿದ ಮೇಲಿನದು. ಮೊದಲ ವರ್ಷ ಅರ್ಧ ಬಂತೆಂದೇ ಬರೆದುಕೊಳ್ಳಿ.

ಎರಡು ಬೆಳೆ ತೆಗೆದರೆ ಜಾಗ ಸಾಲುತ್ತದೆ, ಅದು ನಿಜ. ಆದರೆ ಎರಡನೇ ಬೆಳೆಗೆ ನೀರು ಬೇಕು. ಆ ಮಾತನ್ನು ಬಾವಿಕಟ್ಟೆಯವರು ಹೇಳಲಿ.

ನನ್ನ ಸಲಹೆ ಇಷ್ಟು: ಧಾನ್ಯವನ್ನು ಮೊದಲ ಮೂರು ವರ್ಷ ಕೊಂಡುಕೊಳ್ಳಿ. ಒಣಗಿದ ಧಾನ್ಯ ಕೆಡದೆ ದೂರ ಸಾಗುತ್ತದೆ, ಯಾರ ಹೊಲದಲ್ಲಿ ಬೆಳೆದರೂ ರುಚಿಯಲ್ಲಿ ಅಷ್ಟು ವ್ಯತ್ಯಾಸವಿಲ್ಲ. ಸೊಪ್ಪು, ತರಕಾರಿ, ಮೊಟ್ಟೆ ಹಾಗಲ್ಲ, ಅವು ಕಿತ್ತ ದಿನವೇ ಬೆಲೆಬಾಳುವಂಥವು. ಹೊಟ್ಟೆ ತುಂಬಿಸುವ ಬೆಳೆ ನೆಲದಿಂದಲೇ ಬರಬೇಕು ಎನ್ನುವುದಾದರೆ ಗೆಡ್ಡೆಗಳ ಕಡೆ ನೋಡಿ. ಗೆಣಸಾಗಲಿ ಆಲೂಗಡ್ಡೆಯಾಗಲಿ ಚದರ ಮೀಟರಿಗೆ ಒಂದೂವರೆ ಕಿಲೋ ಬಂದರೆ ಸುಮಾರು 1,200 ಕಿಲೋಕ್ಯಾಲರಿ. ಅದೇ ಜಾಗದ 200 ಗ್ರಾಂ ಧಾನ್ಯ ಕೊಡುವುದು 700.

ಬಾವಿಕಟ್ಟೆ:

ಕೊಳವೆಬಾವಿ "ಇದೆ" ಎಂದು ಬರೆದಿದ್ದೀರಿ. ಅದರಲ್ಲಿ ಎಷ್ಟು ನೀರಿದೆ, ಯಾವ ತಿಂಗಳಲ್ಲಿ ನೋಡಿದ್ದು? ಮಳೆ ಮುಗಿದ ಮರುತಿಂಗಳು ಯಾವ ಬಾವಿಯೂ ಚೆನ್ನಾಗಿರುತ್ತದೆ. ಒಣಗಾಲದ ಕೊನೆಯ ವಾರಗಳಲ್ಲಿ ಅದು ಕೊಡುವ ನೀರೇ ನಿಮ್ಮ ನಿಜವಾದ ಆಸ್ತಿ. ಎಕರೆ ಎಷ್ಟು ಎನ್ನುವುದು ಆಮೇಲಿನ ಮಾತು.

ದಿನದ ಬೇಡಿಕೆ ನೋಡಿ. ಮನೆಗೆ ತಲೆಗೆ 80 ಲೀಟರಿನಂತೆ 320. ಹಸುವಿಗೆ ಕುಡಿಯಲು 60. ಕೋಳಿಗಳಿಗೆ 5. ಬಿಸಿಲುಗಾಲದಲ್ಲಿ ತರಕಾರಿ ದಿನಕ್ಕೆ 5 ಮಿಲಿಮೀಟರ್ ನೀರು ಕುಡಿಯುತ್ತದೆ. ಒಂದು ಮಿಲಿಮೀಟರ್ ಎಂದರೆ ಚದರ ಮೀಟರಿಗೆ ಒಂದು ಲೀಟರ್. ಹಾಗಾಗಿ 300 ಚದರ ಮೀಟರಿಗೆ 1,500, ಹನಿ ನೀರಾವರಿಯಲ್ಲೂ ನೂರಕ್ಕೆ ಹತ್ತು ಹೋಗುವುದರಿಂದ 1,670 ಎನ್ನಿ. ಒಟ್ಟು 2,050 ಲೀಟರ್ ಆಯಿತು. ಕಣಜದವರು ಹೇಳಿದ ಎರಡನೇ ಬೆಳೆಯನ್ನು 1,500 ಚದರ ಮೀಟರಿನಲ್ಲಿ ತೆಗೆಯುವುದಾದರೆ ಅದೊಂದಕ್ಕೇ ದಿನಕ್ಕೆ 7,500 ಲೀಟರ್. ಹರಿನೀರಾದರೆ ಇದರ ಒಂದೂವರೆ ಪಟ್ಟಿಗೂ ಹೆಚ್ಚು.

ಪರೀಕ್ಷೆ ಮಾಡುವ ಕ್ರಮ: 20 ಲೀಟರಿನ ಬಕೆಟ್, ಗಡಿಯಾರ, ಒಂದು ಪುಸ್ತಕ. ಪಂಪ್ ಹಾಕಿ ಕಡಿಮೆ ಎಂದರೂ ಆರು ಗಂಟೆ ನಿಲ್ಲಿಸಬೇಡಿ. ಅರ್ಧ ಗಂಟೆಗೊಮ್ಮೆ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ಬರೆಯಿರಿ. ಮೊದಲ ಅರ್ಧ ಗಂಟೆಯ ಅಂಕಿಯನ್ನು ನಂಬಬೇಡಿ. 150 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಮೀಟರಿಗೆ ಸುಮಾರು 17.7 ಲೀಟರ್ ನೀರು ನಿಂತಿರುತ್ತದೆ. 60 ಮೀಟರ್ ನೀರು ನಿಂತಿದ್ದರೆ ಸಾವಿರ ಲೀಟರ್ ಮೀರಿತು. ಮೊದಲು ಬರುವುದು ಆ ನಿಂತ ನೀರು, ಬಂಡೆಯ ಬಿರುಕಿನಿಂದ ಜಿನುಗುವ ನೀರಲ್ಲ. ಮಾರುವವರು ಹತ್ತು ನಿಮಿಷ ಪಂಪ್ ಹಾಕಿ ತೋರಿಸುವುದು ಈ ನೀರನ್ನೇ.

ನೀರನ್ನು ಪ್ರಯೋಗಾಲಯಕ್ಕೂ ಕೊಡಿ. ಕುಡಿಯುವುದಕ್ಕೆ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ, ಫ್ಲೋರೈಡ್ 1.5, ಆರ್ಸೆನಿಕ್ 0.01 ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಈ ಮೂರೂ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಬೆಳೆಗೆ ಉಪ್ಪಿನಂಶ ನೋಡಬೇಕು. ಅದರ ಅಳತೆಯೇ ನೀರಿನ ವಿದ್ಯುತ್ ವಾಹಕತೆ. ಅದು ಮೀಟರಿಗೆ 0.7 ಡೆಸಿಸೀಮೆನ್ಸ್ ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಹುರುಳಿಕಾಯಿಯಂಥ ಸೂಕ್ಷ್ಮ ಬೆಳೆ ಮೇಲೇಳುವುದಿಲ್ಲ.

ಚಾವಣಿಯನ್ನು ಮರೆಯಬೇಡಿ. 90 ಚದರ ಮೀಟರ್ ಮೇಲೆ ವರ್ಷಕ್ಕೆ 900 ಮಿಲಿಮೀಟರ್ ಮಳೆ ಬಿದ್ದರೆ, ನೂರಕ್ಕೆ 80 ಕೈಗೆ ಸಿಕ್ಕರೂ 64,800 ಲೀಟರ್. ಅಷ್ಟನ್ನೂ ಹಿಡಿಯುವ ಟ್ಯಾಂಕ್ ಬೇಡ. ಕುಡಿಯಲು, ಅಡುಗೆಗೆ ತಲೆಗೆ 10 ಲೀಟರ್, ಮಳೆಯಿಲ್ಲದ 240 ದಿನಕ್ಕೆ 9,600. ಅಂದರೆ 10,000 ಲೀಟರಿನ ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯ ಕೊಳೆ ತೊಳೆದು ಹೋಗಲು 90ರಿಂದ 180 ಲೀಟರ್ ಬೇರೆ ಕೊಳವೆಗೆ ತಿರುಗಿಸಿ. ಆ ಕೊಳವೆಯ ಬುಡದಲ್ಲಿ ಸಣ್ಣ ತೂತು ಬಿಡದಿದ್ದರೆ ಅದು ಖಾಲಿಯಾಗುವುದಿಲ್ಲ, ಮುಂದಿನ ಮಳೆಯ ಕೊಳೆ ನೇರವಾಗಿ ತೊಟ್ಟಿಗೆ ಇಳಿಯುತ್ತದೆ. ಬಹಳ ಮನೆಗಳಲ್ಲಿ ತಪ್ಪುವುದು ಈ ತೂತಿನ ಹತ್ತಿರವೇ.

ಹಟ್ಟಿ:

ಕೋಳಿಯ ಲೆಕ್ಕ ಯಾರೂ ಮಾಡಲಿಲ್ಲ. ಮೊಟ್ಟೆಯಿಡುವ ಕೋಳಿ ದಿನಕ್ಕೆ 110ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಇಪ್ಪತ್ತಕ್ಕೆ ದಿನಕ್ಕೆ 2.3 ಕಿಲೋ, ವರ್ಷಕ್ಕೆ 840 ಕಿಲೋ. ನಿಮ್ಮ ನಾಲ್ವರ ಧಾನ್ಯವೇ 600! ಕೆದಕಿ ತಿನ್ನುವ ಹುಳು, ಸೊಪ್ಪು, ಅಡುಗೆಮನೆಯ ಉಳಿಕೆ ಸ್ವಲ್ಪ ಭಾಗ ತುಂಬಬಹುದು, ಪೂರ್ತಿ ಅಲ್ಲ. ಆರು ಕೋಳಿ ಸಾಕು.

ಹಸು ಇನ್ನೂ ಕಷ್ಟ. 400 ಕಿಲೋ ತೂಗುವ ಹಸುವಿಗೆ ದಿನಕ್ಕೆ 12 ಕಿಲೋ ಒಣ ಲೆಕ್ಕದ (ನೀರಿನಂಶ ಕಳೆದ) ಮೇವು, ವರ್ಷಕ್ಕೆ ನಾಲ್ಕು ಟನ್ ಮೀರಿ. ನೀರು ಗೊಬ್ಬರ ಚೆನ್ನಾಗಿ ಕೊಟ್ಟ ಹುಲ್ಲಿನ ಹೊಲ ಹೆಕ್ಟೇರಿಗೆ 20 ಟನ್ ಒಣ ಮೇವು ಕೊಟ್ಟರೂ 2,200 ಚದರ ಮೀಟರ್ ಬೇಕು. ನಿಮ್ಮ ಎಕರೆಯ ಅರ್ಧಕ್ಕೂ ಹೆಚ್ಚು. ಮೇಲಾಗಿ ಒಂದೇ ಹಸುವಿನಿಂದ ವರ್ಷವಿಡೀ ಹಾಲಿಲ್ಲ. ಕರು ಹಾಕುವ ಎರಡು ತಿಂಗಳು ಮುಂಚೆ ಹಾಲು ಬತ್ತಿಸಲೇಬೇಕು.

ಹಾಲು ಬೇಕೇ ಬೇಕು ಎಂದರೆ ಎರಡು ಮೇಕೆ. ಒಂದನ್ನೇ ಕಟ್ಟಬೇಡಿ, ಮಂದೆಯ ಪ್ರಾಣಿ ಅದು, ಒಂಟಿಯಾದರೆ ದಿನವಿಡೀ ಅರಚುತ್ತದೆ, ಮೇವು ಬಿಡುತ್ತದೆ. 40 ಕಿಲೋದ ಹಾಲುಮೇಕೆ ಒಣ ಲೆಕ್ಕದಲ್ಲಿ 1.6 ಕಿಲೋ ತಿನ್ನುತ್ತದೆ, ಎರಡಕ್ಕೆ ವರ್ಷಕ್ಕೆ 1.2 ಟನ್. ಬೇಲಿಸಾಲಿನ ಮೇವಿನ ಮರ, ಅದರ ಜೊತೆಗೆ 500 ಚದರ ಮೀಟರ್ ಹುಲ್ಲು. ಗಬ್ಬದ ಅವಧಿ 150 ದಿನ. ಒಂದನ್ನು ಕಟ್ಟಿಸಿದ ಐದಾರು ತಿಂಗಳಿಗೆ ಇನ್ನೊಂದನ್ನು ಕಟ್ಟಿಸಿದರೆ ಹಾಲು ನಿಲ್ಲುವುದಿಲ್ಲ.

ಎರೆಹುಳು:

ಹಟ್ಟಿಯವರೇ, ಹಸು ಬೇಡವೆಂದರೆ ಗೊಬ್ಬರ ಎಲ್ಲಿಂದ? 300 ಚದರ ಮೀಟರ್ ತರಕಾರಿ ಮಡಿಗೆ 2 ಸೆಂಟಿಮೀಟರ್ ದಪ್ಪ ಹಾಕಿದರೂ 6 ಘನ ಮೀಟರ್ ಬೇಕು. ಎರಡು ಮೇಕೆ ಆರು ಕೋಳಿಯಿಂದ ಅಷ್ಟು ಹುಟ್ಟುವುದಿಲ್ಲ.

ಹಟ್ಟಿ:

ಹುಟ್ಟುವುದಿಲ್ಲ, ಒಪ್ಪಿದೆ. ಆದರೆ ಹಸು ರಂಜಕದಂಥ ನೆಲದ ಸಾರವನ್ನು ಹುಟ್ಟಿಸುವುದಿಲ್ಲವಲ್ಲ. ತಿಂದ ಮೇವಿನಲ್ಲಿ ಇದ್ದದ್ದೇ ಸಗಣಿಯಲ್ಲಿ ಬರುತ್ತದೆ, ಹಾಲಿನಲ್ಲಿ ಹೋದದ್ದು ಕಳೆದು. ಅದೇ ಎಕರೆಯ ಮೇವು ತಿಂದು ಅದೇ ಎಕರೆಗೆ ಗೊಬ್ಬರ ಕೊಟ್ಟರೆ ಒಂದು ಮೂಲೆಯ ಸಾರ ಇನ್ನೊಂದು ಮೂಲೆಗೆ ಹೋಯಿತು ಅಷ್ಟೇ. ಮೇವು ಹೊರಗಿನಿಂದ ಬಂದಾಗ ಮಾತ್ರ ನೆಲಕ್ಕೆ ಸಾರ ಸೇರುತ್ತದೆ. ಅದರ ಬದಲು ಮೊದಲ ಎರಡು ವರ್ಷ ಗೊಬ್ಬರವನ್ನೇ ತರಿಸಿಕೊಳ್ಳಲಿ.

ಅಡುಗೆಗೆ ಗೋಬರ್ ಗ್ಯಾಸ್ ಎಂದು ಯಾರಾದರೂ ಹೇಳುವ ಮುಂಚೆ: ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 0.04 ಘನ ಮೀಟರ್ ಅನಿಲ. ನಾಲ್ವರ ಅಡುಗೆಗೆ ದಿನಕ್ಕೆ ಒಂದೂಕಾಲು ಘನ ಮೀಟರ್ ಹಿಡಿದರೆ 30 ಕಿಲೋ ಸಗಣಿ, ಅಷ್ಟೇ ನೀರು. ಎರಡು ಮೂರು ದನ ಇರುವ ಮನೆಗೆ ಅದು ಹೊಂದುತ್ತದೆ.

ಎರೆಹುಳು:

ನೆಲದ ಸಾರದ ಮಾತು ಸರಿ, ಒಪ್ಪುತ್ತೇನೆ. ಹಾಗಾದರೆ ತರಿಸುವ ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್‌ನಂಥ ಕಳೆನಾಶಕ ದನದ ಹೊಟ್ಟೆಯನ್ನೂ ತಿಪ್ಪೆಯನ್ನೂ ದಾಟಿ ಹಾಗೇ ಉಳಿಯುತ್ತದೆ. ಟೊಮೆಟೊ, ಹುರುಳಿಕಾಯಿ, ಬಟಾಣಿ ಅದಕ್ಕೆ ಬೇಗ ಬೀಳುತ್ತವೆ. ಲಾರಿ ತುಂಬ ಇಳಿಸಿಕೊಳ್ಳುವ ಮುಂಚೆ ಒಂದು ಚೀಲ ತನ್ನಿ. ಮೂರು ಕುಂಡಕ್ಕೆ ಆ ಗೊಬ್ಬರ ಬೆರೆಸಿದ ಮಣ್ಣು, ಮೂರು ಕುಂಡಕ್ಕೆ ಬರೀ ಮಣ್ಣು, ಎಲ್ಲಕ್ಕೂ ಹುರುಳಿಕಾಯಿ ಬೀಜ ಹಾಕಿ ಮೂರು ವಾರ ನೋಡಿ. ಹೊಸ ಎಲೆ ಬಟ್ಟಲಿನಂತೆ ಮಡಚಿ, ಕುಡಿ ಸುರುಳಿಯಾದರೆ ಆ ಗೊಬ್ಬರ ಬೇಡ.

ಇನ್ನು ಮಣ್ಣು. ಜಮೀನು ನೋಡಲು ಹೋದಾಗ ಗುದ್ದಲಿ ಹಿಡಿದು ಹೋಗಿ. 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೆಗೆದು ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ, ಎರಡನೇ ಸಲ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. 2ರಿಂದ 5 ಸೆಂಟಿಮೀಟರ್ ಒಳ್ಳೆಯದು. ಒಂದಕ್ಕಿಂತ ಕಡಿಮೆಯಾದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಮಡಿ ಎತ್ತರಿಸಬೇಕು. ಹತ್ತು ದಾಟಿದರೆ ನೀರೂ ಗೊಬ್ಬರವೂ ನಿಲ್ಲುವುದಿಲ್ಲ.

ಗಾಜಿನ ಭರಣಿಯ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಸೋಪಿನ ಪುಡಿ. ಐದು ನಿಮಿಷ ಅಲುಗಾಡಿಸಿ ಇಡಿ. ಒಂದು ನಿಮಿಷದಲ್ಲಿ ಕೆಳಗೆ ಕೂತದ್ದು ಮರಳು, ಎರಡು ಗಂಟೆಯಲ್ಲಿ ಅದರ ಮೇಲೆ ಕೂತದ್ದು ಹೂಳು, ಎರಡು ದಿನಕ್ಕೆ ಕೂತದ್ದು ಜೇಡಿ. ಪಟ್ಟಿ ಹಿಡಿದು ಮೂರರ ದಪ್ಪ ಅಳೆದರೆ ಮಣ್ಣು ಯಾವ ಜಾತಿ ಎಂದು ಕಣ್ಣಿಗೇ ಕಾಣುತ್ತದೆ. ಪ್ರಯೋಗಾಲಯಕ್ಕೆ ಕೊಡುವ ಮಣ್ಣು ಮಾತ್ರ ಹತ್ತು ಹದಿನೈದು ಕಡೆಯಿಂದ, 15 ಸೆಂಟಿಮೀಟರ್ ಆಳದವರೆಗೆ ತೆಗೆದು ಬೆರೆಸಿದ್ದಾಗಿರಲಿ. ಬದು, ಮರದ ಬುಡ, ಹಳೆ ತಿಪ್ಪೆಯ ಜಾಗ ಬಿಡಿ.

ನೀವು ಹೋಗಿ ನೆಲೆಸುವ ಮುಂಚೆಯೇ ಒಂದು ಮಳೆಗಾಲ ಹಸಿರೆಲೆ ಗೊಬ್ಬರಕ್ಕೆಂದು ಸೆಣಬೋ ಡಯಂಚವೋ ಬಿತ್ತಿಬಿಡಿ. 45-50 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ. ತಡವಾದರೆ ಕಾಂಡ ನಾರಾಗಿ ಬೇಗ ಕರಗುವುದಿಲ್ಲ.

ಎಡೆಕುಂಟೆ:

ಜಾಗ, ನೀರು, ಮಣ್ಣು ಎಲ್ಲ ಹೇಳಿದಿರಿ. ಕೈ ಎಷ್ಟಿವೆ? ಒಬ್ಬರು ಹೊರಗೆ ಕೆಲಸ ಮಾಡುತ್ತಾರೆ ಎಂದು ಅವರೇ ಬರೆದಿದ್ದಾರೆ.

ಬಿತ್ತಿದ ಮೊದಲ 30ರಿಂದ 40 ದಿನ ಕಳೆಯ ಕೈಗೆ ಹೊಲ ಬಿಟ್ಟರೆ ಆಮೇಲೆ ಎಷ್ಟು ಕಿತ್ತರೂ ಇಳುವರಿ ಮರಳಿ ಬರುವುದಿಲ್ಲ. ಕೈಯಲ್ಲಿ ಕಳೆ ಕೀಳಲು ಹೆಕ್ಟೇರಿಗೆ 300 ಗಂಟೆ ಹಿಡಿಯಿರಿ. 3,500 ಚದರ ಮೀಟರ್ ಬಿತ್ತಿದರೆ ಒಂದು ಸಲಕ್ಕೆ 105 ಗಂಟೆ, ಎರಡು ಸಲಕ್ಕೆ 210. ದಿನಕ್ಕೆ ಆರು ಗಂಟೆ ಬಗ್ಗಿ ಕೆಲಸ ಮಾಡುವ ಒಬ್ಬರಿಗೆ 35 ದಿನ. ಅಡುಗೆ, ಮಕ್ಕಳು, ಮೇಕೆ, ನೀರು ಬಿಡುವುದು ಇದರಲ್ಲಿ ಇಲ್ಲ. ಅಂದರೆ ಮೊದಲ ಸುತ್ತು ಮುಗಿಯುವ ಹೊತ್ತಿಗೆ ಎರಡನೆಯದರ ಹದ ಮೀರಿರುತ್ತದೆ.

ಸಾಲುಗಳ ನಡುವೆ ತಳ್ಳಿ ಕಳೆ ತೆಗೆಯುವ ಗಾಲಿಯ ಎಡೆಕುಂಟೆ ಈ ಗಂಟೆಗಳನ್ನು ಮೂರನೇ ಒಂದಕ್ಕೆ ಇಳಿಸುತ್ತದೆ, ಆದರೆ ಸಾಲು ನೇರವಾಗಿದ್ದರೆ ಮಾತ್ರ. ಹಗ್ಗ ಕಟ್ಟಿ, 45 ಸೆಂಟಿಮೀಟರ್ ಅಂತರಕ್ಕೆ ಬಿತ್ತಿ. ಕಳೆ ಎರಡೆಲೆ ಬಿಟ್ಟಾಗ, ಮೇಲ್ಮಣ್ಣು ಒಣಗಿದ ಬೆಳಿಗ್ಗೆ ಓಡಿಸಿ. ಹಸಿ ಮಣ್ಣಿನಲ್ಲಿ ಓಡಿಸಿದರೆ ಕಿತ್ತ ಕಳೆ ಮಗ್ಗುಲು ಬದಲಿಸಿ ಮತ್ತೆ ಬೇರು ಬಿಡುತ್ತದೆ. ಮೊದಲ ವರ್ಷ ಬಿತ್ತನೆ 1,000 ಚದರ ಮೀಟರ್ ದಾಟದಿರಲಿ.

ಬೇಲಿಸಾಲು:

ಒಂದು ಎಕರೆ ಎಂದಿರಿ, ಆಕಾರ ಹೇಳಲಿಲ್ಲ. ಚೌಕವಾಗಿದ್ದರೆ ಸುತ್ತಳತೆ 255 ಮೀಟರ್. 20 ಮೀಟರ್ ಅಗಲದ ಉದ್ದ ಪಟ್ಟಿಯಾದರೆ 445. ಮೂರು ಮೀಟರಿಗೆ ಒಂದು ಕಂಬವೆಂದರೆ 85 ಎಲ್ಲಿ, 148 ಎಲ್ಲಿ! ದಾರಿಯ ಹಕ್ಕು ಪತ್ರದಲ್ಲಿ ಬರೆದಿರಬೇಕು, ಪಕ್ಕದವರು ಬಾಯಲ್ಲಿ ಒಪ್ಪಿದ್ದು ಅವರ ಮಕ್ಕಳ ಕಾಲಕ್ಕೆ ನಡೆಯುವುದಿಲ್ಲ. ಶೌಚದ ಗುಂಡಿ ಬಾವಿಯಿಂದ 30 ಮೀಟರ್ ದೂರ, ಇಳಿಜಾರಿನಲ್ಲಿ ಬಾವಿಗಿಂತ ಕೆಳಗೆ ಬರುವಂತೆ ಮನೆ ಜಾಗ ಗುರುತಿಸಿ. ಪಟ್ಟಿ ಜಮೀನಿನಲ್ಲಿ ಇದೇ ಕಷ್ಟವಾಗುತ್ತದೆ.

ಹೊಸಹೊಲ:

ಎಲ್ಲರಿಗೂ ಕೈಮುಗಿದು ಧನ್ಯವಾದ. ನಾವು ಹಿಂದುಮುಂದು ಮಾಡಿಕೊಂಡಿದ್ದೆವು ಎಂದು ಗೊತ್ತಾಯಿತು. ಹೀಗೆ ಬದಲಿಸಿದರೆ ಸರಿಯೇ? ಒಣಗಾಲದ ಕೊನೆಗೆ ನೀರು ನೋಡಿ ಆಮೇಲೆ ಖರೀದಿ. ಮೊದಲ ಮಳೆಗಾಲ ಬೇಲಿ, ಹಣ್ಣಿನ ಗಿಡ, ಸೆಣಬು. ಎರಡನೇ ವರ್ಷ ಮನೆ, ತೊಟ್ಟಿ, 150 ಚದರ ಮೀಟರ್ ತರಕಾರಿ, ಆರು ಕೋಳಿ. ಮೂರನೇ ವರ್ಷ 1,000 ಚದರ ಮೀಟರ್ ಕಾಳು, ಎರಡು ಮೇಕೆ. ಧಾನ್ಯ ಕೊಳ್ಳುತ್ತೇವೆ. ಬೆಳೆದ ಬೇಳೆಕಾಳಿಗೆ ಹುಳು ಬೀಳದಂತೆ ಇಡುವುದು ಹೇಗೆ?

ಕಣಜ:

ಈ ಕ್ರಮ ನನಗೆ ತುಂಬ ಹಿಡಿಸಿತು. ಗಿಡ ಕಸಿಯದ್ದೇ ಇರಲಿ, ಬೀಜದ ಗಿಡಕ್ಕಿಂತ ವರ್ಷಗಟ್ಟಲೆ ಮುಂಚೆ ಫಲ ಕೊಡುತ್ತದೆ. ಕಸಿಗಂಟು ಮಣ್ಣಿನಿಂದ ಒಂದು ಗೇಣು ಮೇಲಿರಬೇಕು, ಅದರ ಕೆಳಗಿನ ಚಿಗುರನ್ನು ಕಂಡ ಕೂಡಲೇ ಚಿವುಟಿ.

ಕಾಳಿನ ಹುಳು ಡಬ್ಬಿಯಲ್ಲಿ ಹುಟ್ಟುವುದಿಲ್ಲ. ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟಿರುತ್ತದೆ, ಕಾಳಿನೊಳಗೆ ಕೂತು ಮನೆಗೆ ಬರುತ್ತದೆ. ಅದಕ್ಕೇ ಎಷ್ಟು ತೊಳೆದ ಡಬ್ಬಿಯಾದರೂ ಎರಡು ತಿಂಗಳಿಗೆ ತೂತು ಕಾಣುವುದು. ಕಪ್ಪು ಹಾಳೆಯ ಮೇಲೆ ಕಾಳನ್ನು ಎರಡು ಸೆಂಟಿಮೀಟರ್ ದಪ್ಪ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿ, ಉರಿಬಿಸಿಲಲ್ಲಿ ಬಿಡಿ. ಕಾಳಿನ ಶಾಖ ಒಂದು ಗಂಟೆ 57 ಡಿಗ್ರಿ ಸೆಲ್ಸಿಯಸ್ ನಿಂತರೆ ಮೊಟ್ಟೆಯಿಂದ ದುಂಬಿಯವರೆಗೆ ಎಲ್ಲ ಸಾಯುತ್ತವೆ. ಬಿತ್ತನೆಯ ಬೀಜಕ್ಕೆ ಇದನ್ನು ಮಾಡಬೇಡಿ, ಅದನ್ನು ನೆರಳಲ್ಲಿ ಒಣಗಿಸಿ ಬೇರೆ ಇಡಿ.

ಬಿಸಿ ಆರಿದ ಮೇಲೆ ಗಾಳಿಯಾಡದ ಡ್ರಮ್ಮಿಗೆ ಕತ್ತಿನವರೆಗೆ ತುಂಬಿಸಿ. ಅರ್ಧ ಖಾಲಿ ಬಿಟ್ಟರೆ ಉಳಿದ ಗಾಳಿಯಲ್ಲೇ ಹುಳು ಬದುಕುತ್ತದೆ. ದೊಡ್ಡದೊಂದಕ್ಕಿಂತ ಸಣ್ಣವು ನಾಲ್ಕು ಮೇಲು, ತೆರೆದದ್ದು ಒಂದೇ ಆಗಿರುತ್ತದೆ.

ಒಣಗಿದೆಯೇ ಎಂದು ನೋಡಲು ಉಪ್ಪು ಸಾಕು. ಒಣ ಗಾಜಿನ ಬಾಟಲಿಗೆ ಕಾಲುಭಾಗ ಒಣಗಿಸಿದ ಪುಡಿ ಉಪ್ಪು, ಮತ್ತೆ ಕಾಲುಭಾಗ ಧಾನ್ಯ ಹಾಕಿ ಒಂದು ನಿಮಿಷ ಅಲುಗಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ನೂರಕ್ಕೆ 15ಕ್ಕಿಂತ ಹೆಚ್ಚು, ಮತ್ತೆ ಬಿಸಿಲಿಗೆ ಹಾಕಿ. ಅಂಟದಿದ್ದರೂ ಇನ್ನೊಂದು ದಿನ ಒಣಗಿಸಿಯೇ ತುಂಬಿ, ಏಕೆಂದರೆ ಮುಚ್ಚಿದ ಡ್ರಮ್ಮಿಗೆ 12 ಸುರಕ್ಷಿತ. ಕಡಲೆಬೀಜವಾದರೆ ಇನ್ನೂ ಕಡಿಮೆ, ಏಳೆಂಟು. ಅದರಲ್ಲಿ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟಿನ ಕಾಳನ್ನು ಕೋಳಿಗೂ ಹಾಕಬೇಡಿ.

ಹಟ್ಟಿ:

ಕೋಳಿಗೂಡಿಗೆ ಷಡ್ಭುಜದ ತೆಳು ಬಲೆ ತರಬೇಡಿ. ಅದು ಕೋಳಿಯನ್ನು ಒಳಗಿಡುತ್ತದೆ, ಮುಂಗುಸಿ, ನಾಯಿಗಳನ್ನು ಹೊರಗಿಡುವುದಿಲ್ಲ. 12 ಮಿಲಿಮೀಟರ್ ಕಣ್ಣಿನ ಬೆಸುಗೆಯ ಬಲೆ ತನ್ನಿ. ಗೋಡೆಯ ಬುಡದಿಂದ ಹೊರಕ್ಕೆ 30 ಸೆಂಟಿಮೀಟರ್ ಬಲೆಯನ್ನು ನೆಲದ ಮೇಲೇ ಹಾಸಿ ಮಣ್ಣು ಮುಚ್ಚಿ. ಕೆರೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ಚಿಲಕ ಎರಡು ಹಾಕಿ.

ಹೊಸಹೊಲ:

ಬಾವಿಕಟ್ಟೆಯವರೇ, ಮಾಲೀಕರು ಒಪ್ಪಿ ಆರು ಗಂಟೆ ಪಂಪ್ ಓಡಿಸಿದೆವು. ಈಗ ಒಣಗಾಲದ ಕೊನೆಯೇ. 20 ಲೀಟರ್ ಬಕೆಟ್ ಮೊದಲು 35 ಸೆಕೆಂಡ್, ಒಂದು ಗಂಟೆಗೆ 58, ಎರಡು ಗಂಟೆಗೆ 74, ಮೂರರಿಂದ ಆರು ಗಂಟೆಯವರೆಗೆ 80. ಇದು ಸಾಕೇ?

ಬಾವಿಕಟ್ಟೆ:

ಚೆನ್ನಾಗಿ ಅಳೆದಿದ್ದೀರಿ. 35 ಸೆಕೆಂಡ್ ಎಂದರೆ ನಿಮಿಷಕ್ಕೆ 34 ಲೀಟರ್, ಅದನ್ನು ಮರೆತುಬಿಡಿ. 80 ಎಂದರೆ 15 ಲೀಟರ್, ಗಂಟೆಗೆ 900. ಮೂರು ಗಂಟೆ ಅದೇ ಅಂಕಿಯಲ್ಲಿ ನಿಂತಿದೆ, ಅದು ಒಳ್ಳೆಯ ಗುರುತು. ದಿನಕ್ಕೆ ಐದು ಗಂಟೆ ಓಡಿಸಿದರೆ 4,500 ಲೀಟರ್. ಮನೆ, 300 ಚದರ ಮೀಟರ್ ತರಕಾರಿ, ಮೇಕೆಗಳು, ಅವುಗಳ ಮೇವಿನ ಮಡಿಯ ಒಂದು ಪಾಲು ಇದರಲ್ಲಿ ನಡೆಯುತ್ತದೆ. ಒಣಗಾಲದ ಎರಡನೇ ಬೆಳೆ ನಡೆಯುವುದಿಲ್ಲ, ಅದರ ಆಸೆ ಬಿಡಿ. 4,000 ಲೀಟರಿನ ಟ್ಯಾಂಕ್ ಮೂರು ಮೀಟರ್ ಎತ್ತರದಲ್ಲಿಟ್ಟರೆ ಒತ್ತಡ 0.3 ಬಾರ್ ಸಿಗುತ್ತದೆ. ಕಡಿಮೆ ಒತ್ತಡದ ಹನಿ ಕೊಳವೆಗೆ ಸಾಕು, ಸಾಲು ಚಿಕ್ಕದಿರಲಿ. ತುಂತುರು ನೀರಾವರಿಗೆ ಸಾಲದು.

ಆದರೆ ಪಂಪ್ ನಿಲ್ಲಿಸಿದ ಮೇಲೆ ನೀರಿನ ಮಟ್ಟ ಎಷ್ಟು ಹೊತ್ತಿಗೆ ಮೇಲೆ ಬಂತು ಎನ್ನುವುದನ್ನು ನೀವು ಬರೆದಿಲ್ಲ. ಎರಡೆಳೆಯ ತೆಳು ತಂತಿಯ ತುದಿ ಬಿಡಿಸಿ, ಸಣ್ಣ ಭಾರ ಕಟ್ಟಿ ಕೊಳವೆಗೆ ಇಳಿಸಿ, ಮೇಲೆ ಮಲ್ಟಿಮೀಟರ್ ಹಿಡಿಯಿರಿ. ನೀರು ಮುಟ್ಟಿದ ಕೂಡಲೇ ಮುಳ್ಳು ಅಲ್ಲಾಡುತ್ತದೆ, ತಂತಿಗೆ ಗುರುತು ಹಾಕಿ. ಪಂಪ್ ಹಾಕುವ ಮುಂಚೆ ಒಂದು ಗುರುತು, ನಿಲ್ಲಿಸಿದ ಕೂಡಲೇ ಒಂದು, ಮರುದಿನ ಬೆಳಿಗ್ಗೆ ಒಂದು. ಮರುಬೆಳಿಗ್ಗೆಯ ಗುರುತು ಮೊದಲಿನದಕ್ಕೆ ಹತ್ತಿರ ಬರದಿದ್ದರೆ ಈ 900 ಲೀಟರ್ ದಿನದಿಂದ ದಿನಕ್ಕೆ ಇಳಿಯುತ್ತದೆ. ಇನ್ನೊಂದು ಸಲ ಕೇಳಿಕೊಂಡು ಇದನ್ನು ಮಾಡಿ, ಮೂರು ಗುರುತುಗಳನ್ನೂ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.